ಅಕ್ಕನ ಮನೆಯ ಮೂರು ಮೆಟ್ಟಿಲು

ಗೋಕಾಕದ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಅಕ್ಕನ ಮನೆಯ ಮುಂದೆ ನಿಂತು, ಇಂಥ ತಗ್ಗಿನಲ್ಲಿ ಯಾವ ಪುಣ್ಯಾತ್ಮ ಮನೆ ಕಟ್ಟಿದ ಎಂದು ಕೇಳುತ್ತಾರೆ. ತಗ್ಗಿನಲ್ಲಿ ಯಾರೂ ಕಟ್ಟಲಿಲ್ಲ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಅಪ್ಪನದಾಗಿದ್ದ ಆ ಮನೆಗೆ ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಕೆಂಪು ಛಾಯೆಯ ಕಲ್ಲಿನ ಅಗಲವಾದ ಮೆಟ್ಟಿಲುಗಳು. ಎಲ್ಲಕ್ಕಿಂತ ಮೇಲಿನದರ ಮೇಲೆ ಅಕ್ಕ ಮೊಳೆ ಹಿಡಿದು ಚೌಕಾಬಾರದ ಮನೆಗಳನ್ನು ಕೊರೆದಿದ್ದಳು, ಅದಕ್ಕಾಗಿ ಅಪ್ಪನ ಕೈಯಲ್ಲಿ ಸರಿಯಾಗಿ ಏಟು ತಿಂದಿದ್ದಳು. ಆ ಗೆರೆಗಳ ಮೇಲೆ ಹುಣಸೆ ಬೀಜ ಎಸೆಯುತ್ತ ನಾವು ಬೇಸಿಗೆ ರಜೆಗಳನ್ನು ಕಳೆದೆವು. ಅವಳು ನನ್ನ ಕಾಯಿ ಹೊಡೆಯುವಾಗ ಒಂದು ದಿನವೂ ಕರುಣೆ ತೋರಿಸಲಿಲ್ಲ.

ಈಗ ಬೀದಿಯಿಂದ ಆ ಮನೆಗೆ ಇಳಿದು ಹೋಗಬೇಕು. ಮನೆ ಕುಸಿದಿಲ್ಲ. ರಸ್ತೆ ಏರಿದೆ. ಮೂರೂ ಮೆಟ್ಟಿಲುಗಳು ಇದ್ದಲ್ಲೇ ಇವೆ, ಕಾಂಕ್ರೀಟಿನ ಕೆಳಗೆ. ಅದರಲ್ಲಿ ನನ್ನ ಪಾಲೂ ಇದೆ ಎಂದು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ನಾನು ಕನ್ನಡ ಮಾಸ್ತರ. ಸರ್ವೀಸಿನ ಹೆಚ್ಚಿನ ಭಾಗ ಹುಕ್ಕೇರಿ ಕಡೆಯ ಶಾಲೆಯೊಂದರಲ್ಲಿ ಕಳೆಯಿತು. ದಿನಾ ಗೋಕಾಕದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಒಂದು ಹಳ್ಳಿಯವರು ತಮ್ಮ ಊರ ಮುಂದೆ ಬಸ್ಸು ನಿಲ್ಲುವುದಿಲ್ಲ, ಸಂತೆಯ ದಿನ ತರಕಾರಿ ಬುಟ್ಟಿ ಹೊತ್ತು ನಡೆಯಬೇಕಾಗುತ್ತದೆ ಎಂದು ಗೋಳಾಡಿದಾಗ ನಾನು ಮೊದಲ ಅರ್ಜಿ ಬರೆದುಕೊಟ್ಟೆ. ಭಾಷೆ ಚೆನ್ನಾಗಿತ್ತು. ಕೆಲವು ತಿಂಗಳಲ್ಲಿ ಆ ಊರ ಮುಂದೆ ‘ಕೋರಿಕೆ ನಿಲುಗಡೆ’ ಎಂಬ ಬೋರ್ಡು ಬಂತು. ಬಸ್ಸು ಮಾತ್ರ ಆಮೇಲೂ ನಿಲ್ಲಲಿಲ್ಲ. ಆದರೆ ಬೋರ್ಡು ಬಂತಲ್ಲ ಎಂದು ಜನ ನನಗೆ ಶಾಲು ಹೊದಿಸಿದರು, ನಾನೂ ಹೊದ್ದುಕೊಂಡೆ. ಅಂದಿನಿಂದ ನಾನು ಅರ್ಜಿ ಮಾಸ್ತರನಾದೆ. ಗೋಕಾಕದ ಓಣಿಯಲ್ಲೂ ಅದೇ ಹೆಸರು ಉಳಿಯಿತು.

ನಿವೃತ್ತಿಯಾದ ಮೇಲೆ ನನಗೆ ಎರಡೇ ಕೆಲಸ. ಒಂದು ಅರ್ಜಿ ಬರೆಯುವುದು, ಇನ್ನೊಂದು ಬೇಸರ ಮಾಡಿಕೊಳ್ಳುವುದು. ಊರಿನ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರಿಗೆ ಈ ಊರಲ್ಲಿ ಎಲ್ಲರೂ ದಾರಿ ಬಿಡಬೇಕು, ಆಸ್ಪತ್ರೆಗೆ ಹೊರಟವರೂ ಬಿಡಬೇಕು. ಬಸ್‌ಸ್ಟ್ಯಾಂಡಿನ ಎದುರು ಯಾರದೋ ಹುಟ್ಟುಹಬ್ಬದ ಬ್ಯಾನರು ಕಟ್ಟಿ ತಿಂಗಳಾದರೂ ಆತನಿಗೆ ವಯಸ್ಸಾಗುವುದಿಲ್ಲ, ಬ್ಯಾನರಿಗೆ ಮಾತ್ರ ಆಗುತ್ತದೆ. ನಳದ ನೀರು ಯಾವ ದಿನ ಬರುತ್ತದೆಂದು ಓಣಿಯ ಹೆಂಗಸರಿಗೆ ಗೊತ್ತು, ನೀರು ಬಿಡುವವನಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಎಲ್ಲೆಲ್ಲಿಂದಲೋ ಜನ ಕಾರು ಮಾಡಿಕೊಂಡು ಬಂದು ಫಾಲ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀರು ಎಷ್ಟು ಚೆಂದ ಧುಮುಕುತ್ತದೆ ಎನ್ನುತ್ತಾರೆ. ಅದೇ ಮಳೆಯಲ್ಲಿ ನಮ್ಮ ಓಣಿಗೆ ಬಂದರೆ ನೀರು ಅಕ್ಕನ ಅಡುಗೆಮನೆಗೆ ಧುಮುಕುವುದನ್ನೂ ನೋಡಬಹುದು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆಗೆ ಅವಳನ್ನು ಶಾಲೆ ಬಿಡಿಸಿದರು. ನಾನು ಶಾಲೆಗೆ ಹೋಗುವುದಿದ್ದರೆ ಮನೆಯಲ್ಲಿ ಅವ್ವನಿಗೆ ಇನ್ನೊಂದು ಕೈ ಬೇಕಿತ್ತು. ಮದುವೆಯಾಗಿ ಹೋದವಳು ಹತ್ತು ವರ್ಷದೊಳಗೆ ಗಂಡನನ್ನು ಕಳೆದುಕೊಂಡು, ಒಬ್ಬ ಮಗಳನ್ನು ಕರೆದುಕೊಂಡು ಅದೇ ಮೂರು ಮೆಟ್ಟಿಲು ಹತ್ತಿ ವಾಪಸ್ಸು ಬಂದಳು. ಆ ಮನೆ ಅವಳಿಗೇ ಇರಲಿ ಎಂದು ನಾನು ಎದುರಿಗೆ ಬೇರೆ ಮನೆ ಕಟ್ಟಿಸಿಕೊಂಡೆ. ಹೊಸ ಕಾಲದ ಪ್ರಕಾರ ಎತ್ತರದ ಅಡಿಪಾಯ ಹಾಕಿಸಿದೆ. ಅವಳು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮಗಳನ್ನು ಓದಿಸಿದಳು, ಮೂಡಲಗಿಗೆ ಕೊಟ್ಟು ಮದುವೆ ಮಾಡಿದಳು. ಆಮೇಲೂ ರೊಟ್ಟಿ ಬಿಡಲಿಲ್ಲ. ದಿನಾ ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದು ಎದುರು ಮನೆಯಿಂದ ಕೇಳುವ ಆ ಪಟಪಟ ಸಪ್ಪಳಕ್ಕೆ. ಮಗಳು ಬಂದು ಇರು ಎಂದು ಎಷ್ಟು ಕರೆದರೂ ಅವಳದು ಒಂದೇ ಉತ್ತರ.

“ನನ್ನ ರೊಟ್ಟಿ ನಾ ಬಡಕೊಳ್ಳೂತನಾ ಅಳಿಯನ ಮನಿ ತಾಟಿಗೆ ಕೈ ಹಚ್ಚಾಂಗಿಲ್ಲ.”

ಅವಳಿಗೆ ಬೇಕಾದದ್ದು ಅಷ್ಟೇ. ತನ್ನ ಮನೆ, ತನ್ನ ರೊಟ್ಟಿ ಹಂಚು, ತನ್ನ ಕೈ.

ರಸ್ತೆಯ ಕತೆಗೆ ಬರುತ್ತೇನೆ. ನಮ್ಮ ಓಣಿಗೆ ಮೊದಲು ಡಾಂಬರು ಬಂತು, ಒಂದು ಮೆಟ್ಟಿಲು ಹೋಯಿತು. ಹಳೆಯದನ್ನು ಅಗೆದು ತೆಗೆದು ಹೊಸದು ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ, ಹಾಸಿಗೆಯ ಮೇಲೆ ಹಾಸಿಗೆ ಹಾಸಿದ ಹಾಗೆ ರಸ್ತೆಯ ಮೇಲೆ ರಸ್ತೆ. ಕೆಲವು ವರ್ಷಗಳ ಮೇಲೆ ಖಡಿ ಹಾಕಿ ಮತ್ತೆ ಡಾಂಬರು ಬಂತು, ಎರಡನೆಯದೂ ಹೋಯಿತು. ಚೌಕಾಬಾರದ ಮೆಟ್ಟಿಲೊಂದು ಉಳಿಯಿತು. ಆ ಡಾಂಬರೂ ಕಿತ್ತು ತಗ್ಗುಗಳಾದವು. ಗಟಾರ ತುಂಬಿ ಮಳೆಯ ನೀರು ಓಣಿಯ ನಡುವೆ ನಿಲ್ಲತೊಡಗಿತು. ಓಣಿಯವರು ನನ್ನ ಕಟ್ಟೆಗೆ ಬಂದು ಕುಳಿತರು. ಅವರು ಕೇಳಿದ್ದು ಇಷ್ಟೇ: “ಗಟಾರ ಬಳಿಸ್ರಿ ಅಂತ ಒಂದು ಅರ್ಜಿ ಬರೀರಿ, ಮಾಸ್ತರ್ರ.”

ಗಟಾರ ಬಳಿಸಿ ಎಂದು ಬರೆಯಲು ಕನ್ನಡ ಮಾಸ್ತರ ಬೇಕೇ ಎಂದು ನನಗೆ ಅನಿಸಿತು. ಕೇಳುವುದೇ ಆದರೆ ದೊಡ್ಡದನ್ನೇ ಕೇಳೋಣ ಎಂದುಕೊಂಡು ಕುಳಿತೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ, ‘ಸದರಿ ಓಣಿಯ ರಸ್ತೆಯನ್ನು ಎತ್ತರಿಸಿ, ಸಿಮೆಂಟ್ ಕಾಂಕ್ರೀಟ್ ರಸ್ತೆ ನಿರ್ಮಿಸಿಕೊಡಬೇಕಾಗಿ’ ಎಂದು ಬರೆದೆ. ಎತ್ತರಿಸಿ ಎಂಬ ಪದ ಯಾರೂ ಹೇಳಿಕೊಟ್ಟದ್ದಲ್ಲ. ವಾಕ್ಯಕ್ಕೆ ಒಂದು ತೂಕ ಬೇಕಿತ್ತು, ಹಾಕಿದೆ. ಹಾಕಿ ಎರಡು ಸಲ ಓದಿಕೊಂಡು ಖುಷಿಪಟ್ಟೆ.

ಸಹಿ ಹಾಕಿಸಲು ಮೊದಲು ಅಕ್ಕನ ಮನೆಗೇ ಹೋದೆ. ಅವಳು ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ಓದಿ ಹೇಳು ಎಂದಳು. ಓದಿದೆ.

“ಎತ್ತರಿಸಿ ಅಂದ್ರ? ನಮ್ಮ ಮನಿನೂ ಎತ್ತರ ಆಗತೈತೇನೋ ತಮ್ಮಾ?”

“ಮನಿ ಅಲ್ಲಕ್ಕಾ, ರಸ್ತಾ.”

“ರಸ್ತಾ ಎತ್ತರ ಆತಂದ್ರ ನೀರ ಎಲ್ಲಿಗೆ ಹೋಗತೈತಿ?”

“ಅದನ್ನೆಲ್ಲಾ ಇಂಜಿನಿಯರ್ ನೋಡ್ತಾರವಾ. ನೀ ಸಹಿ ಮಾಡು.”

ನನ್ನ ಜೊತೆ ಬಂದಿದ್ದ ಓಣಿಯ ಹಿರಿಯರೊಬ್ಬರು ಶಾಯಿಯ ಡಬ್ಬಿ ಮುಂದೆ ಮಾಡಿದರು. ಅಕ್ಕ ಅದನ್ನು ಮೊಣಕೈಯಿಂದ ಆಚೆ ಸರಿಸಿ, ಕೈ ತೊಳೆದುಕೊಂಡು ಬಂದಳು.

“ನಾ ಹೆಬ್ಬೆಟ್ಟಿನಾಕಿ ಅಲ್ರಿ. ನನ್ನ ತಮ್ಮ ಮಾಸ್ತರ ಅದಾನ.”

ಶಾಲೆ ಬಿಡಿಸಿದ ಮೇಲೆ ಅವಳಿಗೆ ಅಕ್ಷರ ಮರೆಯಬಾರದೆಂದು, ನಾನು ಕಲಿತು ಬಂದದ್ದನ್ನು ಸಂಜೆ ಆ ಮೆಟ್ಟಿಲ ಮೇಲೆ ಸೀಮೆಸುಣ್ಣದ ಖಡುವಿನಲ್ಲಿ ಬರೆದು ತೋರಿಸುತ್ತಿದ್ದೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಆ ಅರ್ಜಿಯ ಮೊದಲ ಸಹಿ ಅವಳದೇ.

ಕೆಲಸ ಮಂಜೂರಾಯಿತು. ಯಾವ ಕಚೇರಿಯಿಂದ ಎಂದು ಹೇಳುವುದಿಲ್ಲ, ಹೇಳಿದರೂ ಅವರು ಆ ರಸ್ತೆ ತಮಗೆ ಬರುವುದಿಲ್ಲ ಎನ್ನುತ್ತಾರೆ. ಒಂದು ದಿನ ಖಡಿ, ಉಸುಕು, ಮಿಕ್ಸರು ಎಲ್ಲ ಬಂದವು. ಓಣಿಯವರು ಕೆಲಸಗಾರರಿಗೆ ಚಹಾ ಕೊಟ್ಟರು. ಕಾಂಕ್ರೀಟು ಅಕ್ಕನ ಬಾಗಿಲ ಹತ್ತಿರ ಬಂದಾಗ ಅವಳು ಹೊರಗೆ ಬಂದು ನಿಂತಳು.

“ಅದೊಂದು ಕಲ್ಲು ತಗದ ಇಡ್ರೆಪಾ. ಆಮ್ಯಾಲ ಹಾಕ್ರಿ.”

ಕೆಲಸ ಮಾಡಿಸುತ್ತಿದ್ದವನು ಬಹಳ ಮರ್ಯಾದೆಯಿಂದ, “ಆಗತೈತಿ ತಗೋರಿ ಅಮ್ಮಾ,” ಎಂದ.

ನಮ್ಮ ಕಡೆಯ ಈ ಮಾತು ಗೊತ್ತಿಲ್ಲದವರು ಮೋಸ ಹೋಗುತ್ತಾರೆ. ನಮ್ಮಲ್ಲಿ ಯಾರೂ ಮುಖದ ಮೇಲೆ ಆಗುವುದಿಲ್ಲ ಎನ್ನುವುದಿಲ್ಲ, ಅದು ಸಂಸ್ಕಾರವಲ್ಲ. ಆಗತೈತಿ ತಗೋರಿ ಎನ್ನುತ್ತಾರೆ. ಅಂದರೆ ಇನ್ನು ನೀವು ಮನೆಗೆ ಹೋಗಬಹುದು ಎಂದರ್ಥ. ಎಪ್ಪತ್ತು ವರ್ಷ ಈ ಸೀಮೆಯಲ್ಲೇ ಬದುಕಿದ ಅಕ್ಕನಿಗೂ ಅದು ತಿಳಿದಿತ್ತು, ಆದರೂ ಅವಳು ಅಂದು ನಂಬಿ ಒಳಗೆ ಹೋಗಿ ಹಂಚಿನ ಮುಂದೆ ಕುಳಿತಳು. ಹೊರಗೆ ಬಂದಾಗ ಗೆರೆಗಳೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಹೊಸ ರಸ್ತೆ ಅವಳ ಹೊಸ್ತಿಲಿಗಿಂತ ಒಂದು ಗೇಣು ಮೇಲಿತ್ತು.

ಮೊದಲ ಮಳೆಗೇ ಎಲ್ಲರಿಗೂ ತಿಳಿಯಿತು. ರಸ್ತೆಯಲ್ಲಿ ನಿಲ್ಲುತ್ತಿದ್ದ ನೀರು ಈಗ ರಸ್ತೆಯಲ್ಲಿ ನಿಲ್ಲುವುದಿಲ್ಲ, ಆ ಮಟ್ಟಿಗೆ ಅರ್ಜಿ ಫಲಿಸಿತ್ತು. ಅದು ನೆಟ್ಟಗೆ ಅಕ್ಕನ ಮನೆಗೆ ಹೋಗುತ್ತಿತ್ತು. ಗಟಾರದ ಬಾಯಿ ಕಾಂಕ್ರೀಟಿನ ಅಂಚಿನಲ್ಲಿ ಮುಚ್ಚಿತ್ತು. ಹಿಟ್ಟಿನ ಡಬ್ಬಿ, ಒಲೆ, ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಒಣಗಲು ಇಟ್ಟ ಕಡಕ್ ರೊಟ್ಟಿ ಎಲ್ಲ ನೆನೆದವು. ಆ ವರ್ಷ ಘಟಪ್ರಭೆಯೂ ಉಕ್ಕಿ ಕೆಳಗಿನ ಓಣಿಗಳಲ್ಲಿ ನೀರು ಹೊಕ್ಕಿತ್ತು. ಅಲ್ಲಿಗೆ ದೋಣಿ ಬಂತು, ಸಾಹೇಬರು ಬಂದರು, ಚಾಪೆ ಹೊದಿಕೆ ಬಂದವು. ಪರಿಹಾರದ ಪಟ್ಟಿ ಮಾಡುವವನೊಬ್ಬನನ್ನು ನಾನು ಅಕ್ಕನ ಮನೆಗೂ ಕರೆದುಕೊಂಡು ಬಂದೆ. ಅವನು ಬಾಗಿಲಲ್ಲಿ ಬಗ್ಗಿ ನೋಡಿದ.

“ಇದು ಹೊಳಿ ನೀರಲ್ರಿ ಸರ್. ಗಟಾರ ನೀರು. ನಮ್ಮ ಪಟ್ಟಿಯೊಳಗ ಹೊಳಿ ನೀರಷ್ಟ ಬರತೈತಿ.”

ನೀರಿನ ಕುಲ ಕೇಳುವ ಈ ಪಟ್ಟಿಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕ ಮಾತ್ರ ಮೊರದಿಂದ ನೀರು ತೋಡುತ್ತ, ಅವನಿಗೆ ಚಹಾ ಕುಡಿದು ಹೋಗು ಎಂದಳು.

ನಾನು ಮತ್ತೆ ಅರ್ಜಿ ಬರೆದೆ. ಒಂದಲ್ಲ, ಎಷ್ಟೋ. ಕೊನೆಗೆ ಇಂಜಿನಿಯರ್ ಸಾಹೇಬರೇ ಸಿಕ್ಕರು. ಹುಡುಗ ಒಳ್ಳೆಯವನು, ಕೂರಲು ಕುರ್ಚಿ ಕೊಟ್ಟ. ಕಡತ ತರಿಸಿ ನನ್ನ ಮೊದಲ ಅರ್ಜಿಯನ್ನು ತೆಗೆದು ನನ್ನ ಮುಂದೆಯೇ ಇಟ್ಟ.

“ಅಕ್ಷರ ನಿಮ್ದ ಅಲ್ಲೇನ್ರಿ ಸರ್? ಎತ್ತರಿಸಿ ಅಂತ ನೀವ ಬರದೀರಿ. ನೀವು ಕೇಳಿದ್ದನ್ನ ಮಾಡಿಕೊಟ್ಟೇವಿ. ಈಗ ನಮ್ಮನ್ನ ಬೈದ್ರ ಹೆಂಗ್ರಿ?”

ಪದದ ಕೆಳಗೆ ಯಾರೋ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು. ನಾನು ಇಡೀ ಸರ್ವೀಸಿನಲ್ಲಿ ಮಕ್ಕಳ ತಪ್ಪಿನ ಕೆಳಗೆ ಎಳೆದಂಥದ್ದೇ ಗೆರೆ. ನಾನು ಬರೆಯದಿದ್ದರೆ ಅವರು ಎತ್ತರಿಸದೆಯೇ ಬಿಡುತ್ತಿದ್ದರೇ? ಇಲ್ಲ, ಹಳೆಯದರ ಮೇಲೆಯೇ ಹಾಕುತ್ತಿದ್ದರು, ಅದು ನನಗೆ ಗೊತ್ತು. ಆದರೆ ಜಗಳವಾಡಲು ನನ್ನ ಬಾಯಿಯನ್ನು ನಾನೇ ಕಟ್ಟಿಕೊಂಡಿದ್ದೆ. “ಮತ್ತ ಏನಾರ ಮಾಡಾಕ ಬರತೈತೇನ್ರಿ?” ಎಂದು ಕೇಳಿದೆ. “ಆಗತೈತಿ ತಗೋರಿ ಸರ್,” ಎಂದ. ನಾನು ಎದ್ದು ಬಂದೆ. ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ, ಅಕ್ಕನಿಗಂತೂ ಹೇಳಲೇ ಇಲ್ಲ. ಏನಾಯಿತು ಎಂದು ಅವಳು ಕೇಳಿದಾಗ, ಸಾಹೇಬರು ರಜೆಯಲ್ಲಿದ್ದಾರೆ ಎಂದೆ.

ಆಮೇಲೆ ನಾನೊಂದು ಉಪಾಯ ಮಾಡಿದೆ. ಗೌಂಡಿಯನ್ನು ಕರೆಸಿ ಅಕ್ಕನ ಹೊಸ್ತಿಲ ಮೇಲೆ ಮೊಣಕಾಲೆತ್ತರ ಇಟ್ಟಿಗೆಯ ಕಟ್ಟೆ ಕಟ್ಟಿಸಿದೆ. ನೀರು ಬರಬಾರದು ಎಂದು. ನೀರು ನಿಂತಿತು, ಖರೆ. ಆದರೆ ಮಂಡಿ ನೋವಿನ ಹೆಂಗಸು ದಿನಕ್ಕೆ ಹತ್ತು ಸಲ ಆ ಕಟ್ಟೆ ದಾಟಬೇಕಾಯಿತು. ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲು ಎತ್ತಿ ಆಚೆ ಇಟ್ಟು, ಸೀರೆ ಸರಿಮಾಡಿಕೊಂಡು, ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು. “ಕುದರಿ ಹತ್ತಿದಂಗ ಆಗತೈತಿ ನೋಡು,” ಎಂದು ನಗುತ್ತಿದ್ದಳು. ಒಂದು ಬೆಳಿಗ್ಗೆ ಖಾನಾವಳಿಯ ರೊಟ್ಟಿ ಬುಟ್ಟಿ ಹಿಡಿದು ದಾಟುವಾಗ ಕಾಲು ಎಡವಿ ಬಿದ್ದಳು. ನಾನು ಎದುರಿನ ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತಿದ್ದೆ. ಓಡಿದೆ. ರೊಟ್ಟಿಗಳೆಲ್ಲ ನಾನು ಬೇಡಿ ತಂದ ಕಾಂಕ್ರೀಟಿನ ಮೇಲೆ ಚೆಲ್ಲಿದ್ದವು. ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

ಮಣಿಕಟ್ಟಿನ ಎಲುಬು ಎರಡು ಕಡೆ ಮುರಿದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳು ಒಂದೇ ಮಾತು ಕೇಳಿದಳು: “ಖಾನಾವಳಿಯವರಿಗೆ ಫೋನ್ ಮಾಡಿದೇನೋ? ಇವತ್ತ ಮಂದಿ ಉಪವಾಸ ಬೀಳತಾರ.” ಡಾಕ್ಟರು ಪ್ಲಾಸ್ಟರು ಹಾಕಿದರು, ತಿಂಗಳುಗಟ್ಟಲೆ ಬಿಟ್ಟು ತೆಗೆದರು. ಕೈ ಸೊಟ್ಟಾಗಿಯೇ ಕೂಡಿಕೊಂಡಿತು. ಪ್ಲಾಸ್ಟರು ತೆಗೆದ ಮರುದಿನ ಬೆಳಿಗ್ಗೆ ಎದುರು ಮನೆಯಿಂದ ಸಪ್ಪಳ ಕೇಳಿ ನನಗೆ ಎಚ್ಚರವಾಯಿತು. ಪಟ್ ಎಂದು ಒಂದು ಸಲ. ಬಹಳ ಹೊತ್ತಿನ ಮೇಲೆ ಇನ್ನೊಂದು ಸಲ. ಆಮೇಲೆ ಇಲ್ಲ. ನಾನು ಹಾಸಿಗೆಯಲ್ಲಿ ಹಾಗೆಯೇ ಮಲಗಿದ್ದೆ. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ.

ಆ ವಾರವೇ ಮೂಡಲಗಿಯಿಂದ ಮಗಳು ಅಳಿಯ ಇಬ್ಬರೂ ಬಂದರು. ಅಕ್ಕ ಈ ಸಲ ಬರುವುದಿಲ್ಲ ಎನ್ನಲಿಲ್ಲ. ಹಂಚನ್ನು ಬೋರಲು ಹಾಕಿದಳು, ಪರಾತವನ್ನು ನನ್ನ ಹೆಂಡತಿಗೆ ಕೊಟ್ಟಳು. ಕಾರು ಹತ್ತುವ ಮೊದಲು ಬಾಗಿಲ ಮುಂದೆ ಒಂದು ಜಾಗದಲ್ಲಿ ಕಾಲ ಹೆಬ್ಬೆರಳಿನಿಂದ ರಸ್ತೆಯನ್ನು ಒತ್ತಿ ನೋಡಿದಳು. ಚೌಕಾಬಾರದ ಕಲ್ಲು ಇರುವುದು ಅಲ್ಲೇ.

ಅವಳು ಹೋದ ಮೇಲೆ ನೀರಿನ ಪೈಪು ಹಾಕುತ್ತೇವೆಂದು ಓಣಿಯನ್ನು ನಡುವೆ ಸೀಳಿದರು. ಮುಚ್ಚಲು ಮತ್ತೊಂದು ಪದರು ಬರುತ್ತದೆಂದು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಾರೆ, ಕೆಳಗೆ ಎಷ್ಟೋ ಜನ ಕೈ ಮುಗಿದಿದ್ದಾರೆ. ನನ್ನ ಎತ್ತರದ ಮನೆಗೂ ಈಗ ಉಳಿದಿರುವುದು ಒಂದೇ ಮೆಟ್ಟಿಲು. ಇದು ನೆಟ್ಟಗಾಗುತ್ತದೆಂಬ ಆಸೆ ನನಗಿಲ್ಲ. ಈ ಊರು ತನ್ನ ಮೇಲೆ ತಾನೇ ಏರಿಕೊಳ್ಳುತ್ತ ಹೋಗುತ್ತದೆ, ಕೆಳಗಿದ್ದವರು ಕೆಳಗೇ ಮುಚ್ಚಿಹೋಗುತ್ತಾರೆ. ಆದರೂ ಚಟ ಬಿಡದು. ಇನ್ನೊಂದು ಅರ್ಜಿ ಬರೆದೆ. ಮನೆಯ ಯಜಮಾನತಿಯದೇ ಸಹಿ ಬೇಕು ಎಂದು ಕಚೇರಿಯವರು ಹೇಳಿದರು. ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಮೂಡಲಗಿಯ ಬಸ್ಸು ಹತ್ತಿದೆ.

ಮೂಡಲಗಿ ತಾಲೂಕಾಗಿದೆ. ಬೋರ್ಡುಗಳು ಹೊಸವು, ಧೂಳು ಹಳೆಯದು. ಮಗಳ ಮನೆ ಅಂಗಡಿಗಳ ಮೇಲಿನ ಎರಡನೆಯ ಅಂತಸ್ತಿನಲ್ಲಿದೆ. ಕಡಿದಾದ ಮೆಟ್ಟಿಲುಗಳು. ಹತ್ತುತ್ತ ನಾನೂ ನಡುವೆ ನಿಂತು ಉಸಿರು ತೆಗೆದುಕೊಂಡೆ. ಅಕ್ಕನನ್ನು ಬಂದ ದಿನ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತಂದರಂತೆ. ಅಂದಿನಿಂದ ಅವಳು ಕೆಳಗೆ ಇಳಿದಿಲ್ಲ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಳು. ಮಗಳು ನಮ್ಮಿಬ್ಬರಿಗೂ ಊಟ ತಂದಿಟ್ಟಳು, ಅಂಗಡಿಯಿಂದ ತಂದ ರೊಟ್ಟಿ. ಅಕ್ಕ ಎಡಗೈಯಿಂದ ಮುರಿದು ತಿಂದಳು. ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ.

ಊಟವಾದ ಮೇಲೆ ಕಾಗದ ತೆಗೆದೆ. “ಓದಿ ಹೇಳು,” ಎಂದಳು. ‘ಸದರಿ ರಸ್ತೆಯ ಮಟ್ಟವನ್ನು ತಗ್ಗಿಸಿ’ ಎಂಬಲ್ಲಿಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು. ಅವಳ ಮುಖದಲ್ಲಿ ಚೌಕಾಬಾರದಲ್ಲಿ ನನ್ನ ಕಾಯಿ ಹೊಡೆಯುವಾಗಿನ ಅದೇ ನಗು ಇತ್ತು.

“ಆವಾಗ ಎತ್ತರಿಸಿ ಅಂತ ಬರದಿದ್ದಿ. ನಮ್ಮ ಮನಿನೂ ಎತ್ತರ ಆಗತೈತೇನಂತ ನಾ ಕೇಳಿದ್ದೆ, ನೆನಪೈತೇನು?”

ಇಷ್ಟು ದಿನ ನಾನು ಬಚ್ಚಿಟ್ಟುಕೊಂಡಿದ್ದೆ ಎಂದುಕೊಂಡದ್ದು ಮೊದಲ ದಿನದಿಂದ ಅವಳ ಹತ್ತಿರವೇ ಇತ್ತು.

“ನೋಡೀಗ ಎಷ್ಟ ಎತ್ತರ ಕುಂತೇನಿ. ನಿನ್ನ ಅರ್ಜಿ ಸುಳ್ಳಾಗಲಿಲ್ಲ ಬಿಡು.”

ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳು ಅದಕ್ಕೆ ಎಡೆ ಕೊಡದೆ ಕಾಗದ ಇಸಿದುಕೊಂಡು ತೊಡೆಯ ಮೇಲೆ ಹರಡಿದಳು. ನಾನು ಪೆನ್ನು ಕೊಟ್ಟೆ. ಬಲಗೈಯ ಬೆರಳುಗಳು ಅದನ್ನು ಹಿಡಿಯಲಿಲ್ಲ, ಪೆನ್ನು ಜಾರಿತು. ಎತ್ತಿ ಕೊಟ್ಟೆ, ಮತ್ತೆ ಜಾರಿತು. ಎಡಗೈಯಲ್ಲಿ ಹಿಡಿದು ಒಂದು ಗೆರೆ ಎಳೆದು, ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ನನ್ನು ನನ್ನ ಕಿಸೆಗೆ ತಾನೇ ಸಿಕ್ಕಿಸಿದಳು.

“ಶಾಯಿ ಡಬ್ಬಿ ತಂದೀಯೇನ ತಮ್ಮಾ?” ಎಂದು ಕೇಳಿದಳು. “ಹೆಬ್ಬೆಟ್ಟ ಒತ್ತತೇನಿ.”